ಶಿಫ್ಟ್ ಕೀ ಹೆಬ್ಬೆರಳಿಗೆ ಬರ್ಲಿ

ಕೀಬೋರ್ಡ್ ಅಂದ್ರೆ ಬಿಡಿಬಿಡಿಯಾಗಿ ಬಿಚ್ಚೋಕೆ ಬರ್ಬೇಕು, ಯಾವ ಕೀ ಎಲ್ಲಿರ್ಬೇಕು ಅಂತ ಟೈಪ್ ಮಾಡೋರೇ ತೀರ್ಮಾನ ಮಾಡೋ ಹಾಗಿರ್ಬೇಕು, ಕೆಟ್ಟಿರೋದೊಂದನ್ನ ಮಾತ್ರ ಕಿತ್ತು ಬೇರೆ ಹಾಕೋ ಹಾಗಿರ್ಬೇಕು. ಇಂಥದ್ದಕ್ಕೆ ಮಾಡ್ಯುಲರ್ ಕೀಬೋರ್ಡ್ ಅಂತಾರೆ. ಇದು ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರ ಶೋಕಿ ಅಂತ ಸುಮಾರು ಜನ ಅಂದ್ಕೊಂಡಿದ್ದಾರೆ, ಬಣ್ಣಬಣ್ಣದ ಲೈಟು, ಟಕ್ ಟಕ್ ಸದ್ದು, ಯೂಟ್ಯೂಬ್ ವಿಡಿಯೋ ಇಷ್ಟೇ ಅದು ಅಂತ. ನಂಗೆ ಹಾಗನ್ಸಲ್ಲ. ನಾನು ತುಮಕೂರಲ್ಲಿ ಡಿಟಿಪಿ ಅಂಗಡಿ ಇಟ್ಕೊಂಡಿರೋಳು, ಕೋರ್ಟ್ ಅರ್ಜಿ, ಕ್ರಯಪತ್ರ, ಅಫಿಡವಿಟ್ಟು, ಲಗ್ನಪತ್ರಿಕೆ, ಯೂನಿವರ್ಸಿಟಿ ಮಕ್ಕಳ ಥೀಸಿಸ್ಸು, ಬೆಳಗ್ಗೆ ಷಟರ್ ಎತ್ತಿದ್ರೆ ಸಂಜೆ ತನಕ ಎರಡೂ ಕೈ ಕೀಬೋರ್ಡ್ ಮೇಲೇ. ಇಷ್ಟು ವರ್ಷ ಕನ್ನಡ ಟೈಪ್ ಮಾಡಿದ ಮೇಲೆ ನಂಗೆ ಖಚಿತವಾಗಿ ಅನ್ಸಿರೋದು ಏನಂದ್ರೆ, ಇಂಥ ಕೀಬೋರ್ಡು ಇಂಗ್ಲಿಷ್ ಟೈಪ್ ಮಾಡೋರಿಗಿಂತ ನಮಗೇ ಜಾಸ್ತಿ ಬೇಕು.

ಯಾಕೆ ಅಂತ ಲೆಕ್ಕ ಹಾಕಿ ತೋರಿಸ್ತೀನಿ. ನಾವೆಲ್ಲ ಬಳಸೋದು ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಜೊತೆ ಸರ್ಕಾರಿ ಕಚೇರಿಗಳಿಗೆಲ್ಲ ಬಂತಲ್ಲ, ಅದೇ. ಬಹಳ ದೊಡ್ಡ ಯೋಚನೆ ಅದು. ಇಂಗ್ಲಿಷಿನ 26 ಕೀಗಳಲ್ಲೇ ಕನ್ನಡದ ಅಷ್ಟೂ ಅಕ್ಷರ ಕೂರಿಸಿದ್ದಾರೆ. ಕೆ ಒತ್ತಿದ್ರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದ್ರೆ ಖ, ಒತ್ತಕ್ಷರ ಬೇಕಂದ್ರೆ ನಡುವೆ ಎಫ್. ವ್ಯಂಜನದ ಜೊತೆ ಅಕಾರ ಬೇರೆ ಒತ್ತೋ ಹಾಗಿಲ್ಲ, ತಾನೇ ಇರುತ್ತೆ. ಕನ್ನಡ ಓದು ಬರಹ ಚೆನ್ನಾಗಿ ಬರೋ ಯಾರಿಗಾದ್ರೂ ಬೇಗ ಕೈ ಹತ್ತುತ್ತೆ. ಆದ್ರೆ 26 ಕೀಲಿ ಅಷ್ಟು ಅಕ್ಷರ ಹಿಡಿಸ್ಬೇಕು ಅಂದ್ರೆ ಅರ್ಧದಷ್ಟು ಶಿಫ್ಟ್ ಮೇಲೆ ಹೋಗ್ಲೇಬೇಕಲ್ವಾ. ಮಹಾಪ್ರಾಣ ಮಾತ್ರ ಆಗಿದ್ರೆ ತೊಂದ್ರೆ ಇರ್ಲಿಲ್ಲ, ಖ, ಘ, ಛ ಎಲ್ಲೋ ಒಂದೊಂದು ಬರುತ್ತೆ. ಶಿಫ್ಟಲ್ಲಿ ಇರೋದು ಆ, ಈ, ಊ, ಏ, ಓ ಎಲ್ಲಾ ದೀರ್ಘಗಳು, ಆಮೇಲೆ ಣ, ಳ, ಶ, ಅದರ ಮೇಲೆ ಅನುಸ್ವಾರ. ಇವಿಲ್ದೆ ಕನ್ನಡದಲ್ಲಿ ಒಂದು ಸಾಲು ಬರೀರಿ ನೋಡೋಣ.

"ಶಾಲೆಗಳಿಂದ" ಅನ್ನೋ ಪದಕ್ಕೆ 9 ಕೀ ಒತ್ತಬೇಕು, ಅದರಲ್ಲಿ 4 ಶಿಫ್ಟ್ ಹಿಡಿದೇ ಒತ್ತೋದು: ಶ, ಅದರ ದೀರ್ಘ, ಳ, ಸೊನ್ನೆ. ಬಹುವಚನ ಅಂದ್ರೆ ಳ ಬಂತು, "ಇಂದ" ಅಂದ್ರೆ ಸೊನ್ನೆ ಬಂತು. ಇನ್ನು ನಮ್ಮ ಕಸುಬಿನ ಸಾಲು ತಗೊಳಿ, "ಅರ್ಜಿದಾರರು ಈ ಮೂಲಕ ಪ್ರಾರ್ಥಿಸಿಕೊಳ್ಳುವುದೇನೆಂದರೆ", ಇಷ್ಟಕ್ಕೇ 9 ಸಲ ಶಿಫ್ಟು. ಅರ್ಜಿ ಇನ್ನೂ ಶುರುನೇ ಆಗಿಲ್ಲ ನೋಡಿ. ಇಂಗ್ಲಿಷಲ್ಲಾದ್ರೆ ಸಾಲಿನ ಮೊದಲಕ್ಷರಕ್ಕೆ ಒಂದ್ಸಲ, ಯಾರದಾದ್ರೂ ಹೆಸರು ಬಂದ್ರೆ ಇನ್ನೊಂದ್ಸಲ, ಮುಗೀತು.

ಈ ಶಿಫ್ಟನ್ನ ಒತ್ತೋದು ಯಾವ ಬೆರಳು? ಕಿರುಬೆರಳು. ಹತ್ತು ಬೆರಳಲ್ಲಿ ಬಲ ಕಮ್ಮಿ ಇರೋ ಬೆರಳು ಅದು, ಅದನ್ನ ಕೆಳಗಡೆ ಮೂಲೆಗೆ ಚಾಚಿ ಒತ್ತಿ ಹಿಡ್ಕೊಂಡು, ಅದೇ ಕೈಯಿಂದ್ಲೋ ಆ ಕಡೆ ಕೈಯಿಂದ್ಲೋ ಇನ್ನೊಂದು ಕೀ ಒತ್ತಿ, ಬಿಟ್ಟು, ಮತ್ತೆ ಚಾಚಿ. ದಿನಪೂರ್ತಿ. ನಂಗೆ ಸಂಜೆ ಹೊತ್ತಿಗೆ ಎಡಗೈ ಕಿರುಬೆರಳ ಬುಡದಿಂದ ಮಣಿಕಟ್ಟಿನ ಹೊರಗಡೆ ತನಕ ಒಂದು ಎಳೆತ ಬರ್ತಿತ್ತು, ಪಾತ್ರೆ ಎತ್ತುವಾಗ ಗೊತ್ತಾಗ್ತಿತ್ತು. ನಮ್ಮ ಬೀದೀಲಿ ಟೈಪಿಂಗ್ ಮಾಡೋ ಬೇರೆಯವರನ್ನ ಕೇಳಿದ್ರೂ ಅದೇ ಜಾಗ ಮುಟ್ಟಿ ತೋರಿಸ್ತಾರೆ. ಅದೇ ಹೊತ್ತಲ್ಲಿ ಹೆಬ್ಬೆರಳು ನೋಡಿ, ಕೈಲಿ ಅತ್ಯಂತ ಗಟ್ಟಿ ಬೆರಳುಗಳು, ಎರಡಕ್ಕೂ ಸೇರಿ ಇರೋದು ಒಂದೇ ಕೆಲ್ಸ, ಸ್ಪೇಸ್ ಬಾರು. ಮಾಮೂಲಿ ಕೀಬೋರ್ಡಲ್ಲಿ ಒಂದು ಕೀಯಿಂದ ಪಕ್ಕದ ಕೀಗೆ 19.05 ಮಿಲಿಮೀಟರ್ ದೂರ, ಸ್ಪೇಸ್ ಬಾರು ಅಂಥ ಆರೂಕಾಲು ಕೀ ಉದ್ದ, ಅಂದ್ರೆ ಹತ್ರಹತ್ರ 12 ಸೆಂಟಿಮೀಟರ್. ಅಷ್ಟು ಜಾಗದಲ್ಲಿ ಸಲೀಸಾಗಿ ಐದಾರು ಕೀ ಹಿಡಿಯುತ್ತೆ. ನಮ್ಮ ಕೈಗೆ ಅತ್ಯಂತ ಸುಲಭಕ್ಕೆ ಸಿಗೋ ಜಾಗ ಅದು, ಅಲ್ಲಿ ಖಾಲಿ ಪಟ್ಟಿ ಮಲಗಿಸಿದ್ದಾರೆ.

ಇದನ್ನ ಯಾರೂ ಕೂತು ಯೋಚನೆ ಮಾಡಿ ಹಿಂಗೇ ಇರ್ಲಿ ಅಂತ ಇಟ್ಟಿದ್ದಲ್ಲ. ಅಮೆರಿಕದ ಕ್ರಿಸ್ಟೋಫರ್ ಶೋಲ್ಸ್ ಅನ್ನೋರು 1870ರ ದಶಕದಲ್ಲಿ ಟೈಪ್‌ರೈಟರ್ ಮಾಡುವಾಗ ಪ್ರತಿ ಕೀ ಕೆಳಗೂ ಒಂದೊಂದು ಸರಳು ಹೋಗ್ಬೇಕಿತ್ತು, ಸರಳಿಗೆ ಸರಳು ತಾಗಬಾರ್ದು ಅಂತ ಸಾಲುಗಳನ್ನ ಸ್ವಲ್ಪ ಸ್ವಲ್ಪ ಓರೆ ಸರಿಸಿದ್ರು. ಇವತ್ತು ನಮ್ಮ ಯುಎಸ್‌ಬಿ ಕೀಬೋರ್ಡ್ ಒಳಗೆ ಒಂದು ಸರಳೂ ಇಲ್ಲ, ಓರೆ ಮಾತ್ರ ಹಾಗೇ ಇದೆ. 1878ರ ರೆಮಿಂಗ್ಟನ್ 2ರಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎರಡೂ ಒಂದೇ ಮೆಷಿನ್ನಲ್ಲಿ ಬರೋ ಹಾಗೆ ಶಿಫ್ಟ್ ಬಂತು, ಒತ್ತಿದ್ರೆ ಮೆಷಿನ್ನಿನ ಭಾಗವೇ ನಿಜವಾಗಿ ಜರುಗ್ತಿತ್ತು, ಅದನ್ನ ಹಿಡ್ಕೊಂಡೇ ಇರೋದು ಕಷ್ಟ ಅಂತ ಶಿಫ್ಟ್ ಲಾಕ್ ಬಂತು, ಅದೇ ಇವತ್ತಿನ ಕ್ಯಾಪ್ಸ್ ಲಾಕ್. ಕನ್ನಡದ ದೀರ್ಘ, ಅನುಸ್ವಾರ ಎಲ್ಲಾ ಇದೇ ಮೂಲೆ ಕೀ ಮೇಲೆ ಬರುತ್ತೆ ಅಂತ ಅವರ ಕನಸಲ್ಲೂ ಬಂದಿರಲ್ಲ. ಅವರದ್ದೇನೂ ತಪ್ಪಿಲ್ಲ. ಆದ್ರೆ ಅವರ ಕಷ್ಟಕ್ಕೆ ಅವರು ಕಂಡ್ಕೊಂಡ ದಾರೀನ ನಾವ್ಯಾಕೆ ಇನ್ನೂ ಹೊರಬೇಕು ಅನ್ನೋದು ನನ್ನ ಪ್ರಶ್ನೆ.

ಈಗ ಬರೋ ಮಾಡ್ಯುಲರ್ ಕೀಬೋರ್ಡಲ್ಲಿ ಎರಡು ವಿಷಯ ಇದೆ. ಒಂದು, ಒಳಗಿನ ಪ್ರೋಗ್ರಾಮ್ ನಮ್ಮ ಕೈಗೆ ಸಿಗುತ್ತೆ. ಕ್ಯೂಎಂಕೆ ಅಂತ ಓಪನ್ ಸೋರ್ಸ್ ಫರ್ಮ್‌ವೇರ್ ಇದೆ, ಅದರ ಮೇಲೆ ವಯಾ, ವಯಲ್ ಅಂತ ಟೂಲುಗಳಿವೆ, ಸ್ಕ್ರೀನ್ ಮೇಲೆ ಕೀಬೋರ್ಡ್ ಚಿತ್ರ ಬರುತ್ತೆ, ಕೀ ಮೇಲೆ ಕ್ಲಿಕ್ ಮಾಡಿ ಇದು ಏನಾಗ್ಬೇಕು ಅಂತ ಆರಿಸೋದು, ಅಷ್ಟೇ, ಕೋಡ್ ಬರೀಬೇಕು ಅಂತಿಲ್ಲ. ಬದಲಾಯಿಸಿದ್ದು ಕೀಬೋರ್ಡ್ ಒಳಗಿನ ಚಿಪ್ಪಲ್ಲೇ ಉಳ್ಕೊಳುತ್ತೆ, ಯಾವ ಕಂಪ್ಯೂಟರಿಗೆ ಚುಚ್ಚಿದ್ರೂ ಹಾಗೇ ಬರುತ್ತೆ. ಎರಡು, ಬಿಡಿಭಾಗ. ಕೀ ಕೆಳಗಿನ ಸ್ವಿಚ್ಚು ಬೇರೆ, ಅದರ ಮೇಲೆ ಬೆರಳು ತಾಗೋ ಕೀಕ್ಯಾಪ್ ಬೇರೆ, ಕೇಬಲ್ ಬೇರೆ, ಕೆಲವದ್ರಲ್ಲಿ ಎಡಬಲ ಅರ್ಧಗಳೇ ಬೇರೆ ಬೇರೆ.

ನಂದು ಸ್ಪೇಸ್ ಬಾರ್ ಮೂರು ತುಂಡಾಗಿರೋ ಬೋರ್ಡು. ಎಡಗಡೆ ತುಂಡು ಶಿಫ್ಟು, ಬಲಗಡೆದು ಸ್ಪೇಸು, ನಡುವಿಂದು ಲೇಯರ್ ಕೀ, ಅಂದ್ರೆ ಅದನ್ನ ಹಿಡಿದಿದ್ದಾಗ ಉಳಿದ ಕೀಗಳು ಬೇರೆ ಕೆಲ್ಸ ಮಾಡ್ತವೆ. ಎಡ ಹೆಬ್ಬೆರಳು ಅಲ್ಲೇ ಮಲಗಿರುತ್ತೆ, ಅದನ್ನ ಒಂಚೂರು ಅದುಮಿ ಎಲ್ ಒತ್ತಿದ್ರೆ ಳ, ಎಂ ಒತ್ತಿದ್ರೆ ಸೊನ್ನೆ. ಕೈ ಜಾಗ ಬಿಟ್ಟು ಕದಲೋದೇ ಇಲ್ಲ. ಒಂದೇ ಕೀಲಿ ಒತ್ತಿಬಿಟ್ರೆ ಸ್ಪೇಸು, ಹಿಡಿದ್ರೆ ಶಿಫ್ಟು ಅಂತಲೂ ಮಾಡ್ಬೋದು, ಆದ್ರೆ ವೇಗವಾಗಿ ಟೈಪ್ ಮಾಡೋರಿಗೆ ನಾನು ಅದನ್ನ ಹೇಳಲ್ಲ, ಸ್ಪೇಸ್ ಬರೋ ಜಾಗದಲ್ಲಿ ಮುಂದಿನಕ್ಷರ ದೀರ್ಘ ಆಗಿ ಕೂತಿರುತ್ತೆ. ಒನ್ ಶಾಟ್ ಶಿಫ್ಟ್ ಅಂತ ಇನ್ನೊಂದಿದೆ, ಒಂದ್ಸಲ ಒತ್ತಿ ಬಿಟ್ರೆ ಸಾಕು, ಮುಂದಿನ ಒಂದಕ್ಷರಕ್ಕೆ ಮಾತ್ರ ಶಿಫ್ಟ್ ಬೀಳುತ್ತೆ, ಹಿಡ್ಕೊಂಡಿರೋದು ಬೇಡ. ವಯಸ್ಸಾದ ಟೈಪಿಸ್ಟುಗಳಿಗೆ ಇದು ಎಷ್ಟು ಒಳ್ಳೇದು ಅಂದ್ರೆ, ಇದೊಂದು ಅವರಿಗೆ ಮೊದಲೇ ಸಿಕ್ಕಿದ್ರೆ ಅಂತ ನಂಗೆ ಸಂಕಟ ಆಗುತ್ತೆ. ನಂಗಂತೂ ಆ ಎಳೆತ ಹೋಯ್ತು. ಎಲ್ರಿಗೂ ಹಾಗೇ ಆಗುತ್ತೆ ಅಂತ ನಾನು ಹೇಳೋಕೆ ಬರಲ್ಲ, ನೋವು ಜೋರಿದ್ರೆ ಡಾಕ್ಟರಿಗೇ ತೋರಿಸ್ಬೇಕು.

ಆಮೇಲೆ ಸ್ಕ್ರೋಲ್ ಲಾಕ್. ಹಳೇ ನುಡೀಲಿ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿಂದ ಕನ್ನಡಕ್ಕೆ ಹೋಗೋಕೆ ಸ್ಕ್ರೋಲ್ ಲಾಕ್ ಒತ್ತಬೇಕು. ಈಗ ಬರೋ ಸುಮಾರು ಲ್ಯಾಪ್‌ಟಾಪಲ್ಲಿ ಆ ಕೀನೇ ಇಲ್ಲ. ದೊಡ್ಡ ಕೀಬೋರ್ಡಲ್ಲಿದ್ರೂ ಎಲ್ಲೋ ಮೇಲೆ ಬಲಗಡೆ ತುದೀಲಿ, ಕೈ ಎತ್ತಿ ಹೋಗ್ಬೇಕು. ಒಂದು ಕ್ರಯಪತ್ರದಲ್ಲಿ ಪ್ಯಾನ್ ನಂಬರು, ಇಮೇಲು, ಇಂಗ್ಲಿಷ್ ಹೆಸರು ಅಂತ ಎಷ್ಟು ಸಲ ಆ ಕಡೆ ಈ ಕಡೆ ಹಾರ್ತೀವಿ ಅಂತ ನಮ್ಮ ಕೆಲ್ಸ ಮಾಡೋರಿಗೆ ಗೊತ್ತು. ಕ್ಯಾಪ್ಸ್ ಲಾಕ್ ಇರೋದು ಎ ಪಕ್ಕದಲ್ಲೇ, ಒಳ್ಳೇ ಜಾಗ, ಕನ್ನಡದಲ್ಲಿ ಅದರಿಂದ ಏನೂ ಕೆಲ್ಸ ಇಲ್ಲ. ಅದನ್ನ ಸ್ಕ್ರೋಲ್ ಲಾಕ್ ಮಾಡ್ಕೊಂಡ್ರೆ ಮುಗೀತು.

ಇನ್ನೊಂದು ಸಣ್ಣದು, ಆದ್ರೆ ಕನ್ನಡದ ಮಾನದ ಪ್ರಶ್ನೆ ಅದು. ರಾಜ್‌ಕುಮಾರ್ ಅಂತ ಬರೀಬೇಕು ಅಂದ್ರೆ ಜ್ ಆದ್ಮೇಲೆ ಕಣ್ಣಿಗೆ ಕಾಣದ ಒಂದಕ್ಷರ ಹಾಕ್ಬೇಕು, ಯೂನಿಕೋಡಲ್ಲಿ ಅದಕ್ಕೆ 200ಸಿ ಅಂತ ಸಂಖ್ಯೆ. ಅದು ಬೀಳ್ದಿದ್ರೆ ಕ ಹೋಗಿ ಜ ಕೆಳಗೆ ಒತ್ತಾಗಿ ಕೂತ್ಕೊಂಡು ರಾಜ್ಕುಮಾರ್ ಆಗುತ್ತೆ. ಆಮಂತ್ರಣ ಪತ್ರಿಕೇಲಿ, ಬ್ಯಾನರಲ್ಲಿ, ಅಂಗಡಿ ಬೋರ್ಡಲ್ಲಿ ಇದನ್ನ ದಿನಾ ನೋಡ್ತೀವಿ. ವಿಂಡೋಸಿನ ಇನ್‌ಸ್ಕ್ರಿಪ್ಟಲ್ಲಿ (ಅದು ಕನ್ನಡದ ಇನ್ನೊಂದು ಕೀಬೋರ್ಡ್ ವಿನ್ಯಾಸ) ಅದನ್ನ ಹಾಕೋಕೆ ಕಂಟ್ರೋಲು, ಶಿಫ್ಟು, 2 ಮೂರನ್ನೂ ಒಟ್ಟಿಗೆ ಒತ್ತಬೇಕು. ಯಾರ್ರೀ ಒತ್ತುತಾರೆ, ಅರ್ಧ ಜನಕ್ಕೆ ಗೊತ್ತೇ ಇಲ್ಲ. ನಾನು ಆ ಮೂರನ್ನೂ ಸೇರಿಸಿ ಒಂದು ಕೀಗೆ ಕಟ್ಟಿದೀನಿ, ಲೇಯರ್ ಹಿಡಿದು ಎಫ್ ಒತ್ತಿದ್ರೆ ಸಾಕು. ಕೈಗೆ ಸುಲಭಕ್ಕೆ ಸಿಕ್ಕಿದ್ರೆ ಮಾತ್ರ ಜನ ಸರಿಯಾಗಿ ಬರೀತಾರೆ, ಭಾಷಣ ಮಾಡಿದ್ರೆ ಬರಿಯಲ್ಲ.

ಒಂದು ವಿಷಯ ಸ್ಪಷ್ಟ ಮಾಡ್ಬೇಕು. ಕೀಬೋರ್ಡಿಗೆ ಕನ್ನಡ ಗೊತ್ತಿರಲ್ಲ, ಇಂಗ್ಲಿಷೂ ಗೊತ್ತಿರಲ್ಲ. ಎ ಕೀ ಒತ್ತಿದ್ರೆ ಅದು ಕಂಪ್ಯೂಟರಿಗೆ ಕಳ್ಸೋದು 4 ಅನ್ನೋ ಸಂಖ್ಯೆ, ಅಷ್ಟೇ. ಆ 4 ಅಂದ್ರೆ ಎ ಅಂತಲೋ ಅ ಅಂತಲೋ ತೀರ್ಮಾನ ಮಾಡೋದು ಒಳಗಿರೋ ನುಡಿ ಅಥವಾ ಇನ್‌ಸ್ಕ್ರಿಪ್ಟು. ಲಿನಕ್ಸಲ್ಲಾದ್ರೆ ಕಗಪ ಅನ್ನೋ ಹೆಸರಲ್ಲೇ ಈ ವಿನ್ಯಾಸ ಇದೆ, ಬೇರೆ ಏನೂ ಹಾಕ್ಕೊಳ್ಳೋದೇ ಬೇಡ. ಹಂಗಾಗಿ ಮಾಡ್ಯುಲರ್ ಕೀಬೋರ್ಡ್ ತಗೊಂಡ್ರೆ ಕನ್ನಡ ಕಲಿತಿರೋದನ್ನ ಮರೆತು ಹೊಸದಾಗಿ ಕಲೀಬೇಕು ಅಂತ ಹೆದರ್ಬೇಡಿ. ಕ ಕ ಜಾಗದಲ್ಲೇ ಇರುತ್ತೆ. ನಾವು ಸರಿಸೋದು ಶಿಫ್ಟು, ಬ್ಯಾಕ್‌ಸ್ಪೇಸು, ಎಂಟರು ಇಂಥವನ್ನ.

ಇನ್ನು ರಿಪೇರಿ. ನಂಗೆ ಇದೇ ಎಲ್ಲಕ್ಕಿಂತ ದೊಡ್ಡ ಕಾರಣ.

ನಾವು ಅಂಗಡಿಗಳಲ್ಲಿ ಬಳಸೋ ನಾನೂರು ಐನೂರು ರೂಪಾಯಿ ಕೀಬೋರ್ಡ್ ಒಳಗೆ ಮೂರು ಪ್ಲಾಸ್ಟಿಕ್ ಹಾಳೆ ಇರುತ್ತೆ. ಮೇಲಿಂದು ಕೆಳಗಿಂದರ ಮೇಲೆ ವಿದ್ಯುತ್ ಹರಿಯೋ ಗೆರೆ ಅಚ್ಚು ಹಾಕಿರ್ತಾರೆ, ನಡುವಿನ ಹಾಳೇಲಿ ತೂತು, ಮೇಲೆ ರಬ್ಬರಿನ ಗುಬುಟು. ಒಂದ್ಸಲ ಟೀ ಚೆಲ್ಲಿದ್ರೆ ಹಾಳೆ ಮಧ್ಯೆ ಇಳಿದು ಗೆರೆ ತಿನ್ನುತ್ತೆ, ಒಂದು ಗೆರೆ ಹೋದ್ರೆ ಆ ಗೆರೆ ಮೇಲಿರೋ ಅಷ್ಟೂ ಕೀ ಸಾಯ್ತವೆ. ಚೆಲ್ಲದಿದ್ರೂ ಬಿ.ಎಚ್. ರೋಡಿನ ಧೂಳು ಸಾಕು. ನಮ್ಮ ಕೆಲ್ಸದಲ್ಲಿ ಮೊದಲು ಹೋಗೋದು ಯಾವಾಗ್ಲೂ ಎಡಗಡೆ ಶಿಫ್ಟು, ಆಮೇಲೆ ಎಫ್ಫು. ಒಂದು ಕೀ ಹೋದ್ರೆ ಉಳಿದ ನೂರ ಚಿಲ್ರೆ ಕೀ ಚೆನ್ನಾಗಿದ್ರೂ ಪೂರ್ತಿ ಬೋರ್ಡ್ ಗುಜರಿಗೆ. ಸೈಕಲ್ ಪಂಕ್ಚರ್ ಆಯ್ತು ಅಂತ ಯಾರಾದ್ರೂ ಸೈಕಲ್ ಬಿಸಾಕ್ತಾರಾ? ನಮ್ಮ ಅಂಗಡಿ ಅಟ್ಟದ ಮೇಲೆ ಅಂಥ ಬೋರ್ಡುಗಳ ರಾಶಿನೇ ಇತ್ತು, ನೋಡಿದಾಗ್ಲೆಲ್ಲ ಮನಸ್ಸಿಗೆ ಕಸಿವಿಸಿ.

ಹಾಟ್ ಸ್ವಾಪ್ ಬೋರ್ಡಲ್ಲಿ, ಅಂದ್ರೆ ಸ್ವಿಚ್ಚನ್ನ ಕೈಯಲ್ಲೇ ಕಿತ್ತು ಹಾಕೋ ಬೋರ್ಡಲ್ಲಿ, ಹೆಂಗೆ ಅಂದ್ರೆ, ಜೊತೇಲಿ ಒಂದು ಸಣ್ಣ ಇಕ್ಕಳ ಕೊಟ್ಟಿರ್ತಾರೆ. ಮೊದಲು ತಂತಿ ಹಾಕಿ ಕೀಕ್ಯಾಪ್ ಎತ್ತಬೇಕು, ಕೆಳಗೆ ಕೂಡಿಸೋ ಚಿಹ್ನೆ ಥರ ಒಂದು ಪ್ಲಾಸ್ಟಿಕ್ ಕಡ್ಡಿ ಕಾಣುತ್ತೆ, ಅದೇ ಸ್ವಿಚ್ಚು. ಇಕ್ಕಳದ ಎರಡು ಹಲ್ಲನ್ನ ಸ್ವಿಚ್ಚಿನ ಮೇಲೆ ಕೆಳಗೆ ಇರೋ ಕಚ್ಚಿಗೆ ಸಿಕ್ಕಿಸಿ ಅದುಮಿ ನೇರ ಮೇಲಕ್ಕೆ ಎಳೆದ್ರೆ ಟಪ್ ಅಂತ ಬರುತ್ತೆ. ಬೆಸುಗೆ ಇಲ್ಲ, ಏನಿಲ್ಲ. ಹೊಸ ಸ್ವಿಚ್ಚಿನ ಕೆಳಗೆ ತಾಮ್ರದ ಬಣ್ಣದ ಎರಡು ತೆಳು ಕಾಲಿರುತ್ತೆ, ಹಾಕೋ ಮುಂಚೆ ಅವು ನೆಟ್ಟಗಿದ್ಯಾ ಅಂತ ಬೆಳಕಿಗೆ ಹಿಡಿದು ನೋಡ್ಬೇಕು, ಸೊಟ್ಟಗಿದ್ರೆ ಉಗುರಲ್ಲಿ ನೇವರಿಸಿ ಸರಿ ಮಾಡ್ಬೇಕು, ಸೊಟ್ಟ ಕಾಲು ಇಟ್ಟು ಒತ್ತಿದ್ರೆ ಮಡಚ್ಕೊಂಡು ಹೋಗುತ್ತೆ. ನೇರ ಇಟ್ಟು ಹೆಬ್ಬೆರಳಲ್ಲಿ ಒತ್ತಿದ್ರೆ ಕೂರೋದು ಕೈಗೇ ಗೊತ್ತಾಗುತ್ತೆ. ಒಂದು ಸ್ವಿಚ್ಚಿಗೆ ನಾನು ಕೊಡ್ತಿರೋದು ಇಪ್ಪತ್ತು ಮೂವತ್ತು ರೂಪಾಯಿ. ಗಿರಾಕಿ ಎದುರಿಗೆ ಕೂತಿದ್ದಾಗ್ಲೇ ಶಿಫ್ಟಿನ ಸ್ವಿಚ್ ಬದಲಾಯಿಸಿ ಅವರ ಅಫಿಡವಿಟ್ ಮುಗಿಸಿ ಕೊಟ್ಟಿದೀನಿ, ಆ ಯಜಮಾನ್ರು "ಏನವ್ವಾ, ಹಲ್ಲು ಕಿತ್ತಂಗೆ ಕಿತ್ತಾಕ್ಬುಟ್ಯಲ್ಲ" ಅಂದ್ರು.

ಚೆರಿ ಅನ್ನೋ ಜರ್ಮನ್ ಕಂಪನಿ 1980ರ ದಶಕದಲ್ಲಿ ಎಂಎಕ್ಸ್ ಸ್ವಿಚ್ ತಂತು, ಆ ಅಳತೆಗೇ ಗೇಟರಾನ್, ಕೈಲ್, ಔಟೆಮು ಅಂತ ಬೇರೆಯವರೂ ಮಾಡ್ತಾರೆ. ಒಬ್ಬರದ್ದು ಸಿಗದಿದ್ರೆ ಇನ್ನೊಬ್ಬರದ್ದು ಕೂರುತ್ತೆ, ಕಂಪನಿ ಬಾಗ್ಲು ಹಾಕಿದ್ರೂ ನಮ್ಮ ಬೋರ್ಡು ನಿಲ್ಲಲ್ಲ. ಜೊತೆಗೆ ಎಲ್ಲಾ ಕೀಗೂ ಒಂದೇ ಥರ ಸ್ವಿಚ್ ಇರ್ಬೇಕು ಅಂತಿಲ್ಲ. ನಾನು ಕಿರುಬೆರಳಿನ ಕೀಗಳಿಗೆಲ್ಲ ಹಗುರ ಸ್ಪ್ರಿಂಗಿಂದು ಹಾಕಿದೀನಿ, ಹೆಬ್ಬೆರಳಿಗೆ ಸ್ವಲ್ಪ ಬಿಗಿ. ಕೈ ಸಣ್ಣದಿರೋರಿಗೆ ಚಾಕ್ ಅಂತ ತೆಳು ಸ್ವಿಚ್ಚಿನ ಬೋರ್ಡ್ ಇವೆ, ಅದರಲ್ಲಿ ಕೀಯಿಂದ ಕೀಗೆ ಅಡ್ಡಕ್ಕೆ 18, ಉದ್ದಕ್ಕೆ 17 ಮಿಲಿಮೀಟರ್ ಇಡೋಕಾಗುತ್ತೆ. ಒಂದೆರಡು ಮಿಲಿಮೀಟರ್ ಏನ್ ಮಹಾ ಅನ್ಬೋದು, ದಿನಕ್ಕೆ ಸಾವಿರಾರು ಸಲ ಬೆರಳು ಚಾಚೋ ಹೆಣ್ಮಕ್ಳನ್ನ ಕೇಳಿ.

ಮಾಡ್ಯುಲರ್ ಅಂದ್ರೆ ಪೂರ್ತಿ ಬೋರ್ಡೇ ಬದಲಾಗ್ಬೇಕು ಅಂತೇನಿಲ್ಲ. ತಿಪಟೂರಲ್ಲಿ ಕೊಬ್ಬರಿ ಮಂಡೀಲಿ ಲೆಕ್ಕ ಬರಿಯೋ ನಮ್ಮ ಭಾವ ಇದ್ದಾರೆ. ಚೀಲ ಎಷ್ಟು, ತೂಕ ಎಷ್ಟು, ಕ್ವಿಂಟಾಲಿಗೆ ರೇಟ್ ಎಷ್ಟು, ಎಲ್ಲಾ ಅಂಕಿನೇ, ನಂಬರ್ ಪ್ಯಾಡ್ ಬಿಟ್ಟು ಬೇರೇನೂ ಮುಟ್ಟಲ್ಲ ಅವರು. ಬಲಗೈಲಿ ನಂಬರ್ ಹೊಡೀಬೇಕು, ಅದೇ ಬಲಗೈಲಿ ಮೌಸ್ ಹಿಡೀಬೇಕು, ಅದೇ ಬಲಗೈಲಿ ಚೀಟಿ ತಿರುವಿ ಹಾಕ್ಬೇಕು. ನಮ್ಮಕ್ಕನ ಮಗ ಇಂಜಿನಿಯರಿಂಗ್ ಓದ್ತಿದ್ದಾನೆ, ಅವನು ಅವರಿಗೆ ಬೇರೆಯಾಗಿ ಒಂದು ನಂಬರ್ ಪ್ಯಾಡ್ ಮಾಡ್ಕೊಟ್ಟ, ಅದನ್ನ ಎಡಗಡೆ ಇಟ್ಕೊಂಡಿದ್ದಾರೆ. ಎಂಟರ್ ಹೆಬ್ಬೆರಳಿಗೆ ಸಿಗೋ ಹಾಗೆ ಆ ಕಡೆ ಸರಿಸಿದ್ದಾನೆ, ಎರಡು ಸೊನ್ನೆಗೆ ಒಂದು ಕೀ, ಮೂರು ಸೊನ್ನೆಗೆ ಒಂದು ಕೀ. "ಅಲ್ಲಮ್ಮಾ, ಇದನ್ನ ಮೊದ್ಲೇ ಯಾಕೆ ಯಾರೂ ಮಾಡಿಲ್ಲ" ಅಂತ ಭಾವ ಕೇಳಿದ್ರು. ಅಂಗಡೀಲಿ ಕೇಳಿದ್ರೆ ಬಲಗಡೆ ನಂಬರ್ ಪ್ಯಾಡ್ ಇರೋದೊಂದು, ಇಲ್ದಿರೋದೊಂದು, ಎರಡೇ ಥರ ತೋರಿಸ್ತಾರೆ.

ಮಾಡೋದೂ ಅಂಥ ಬ್ರಹ್ಮವಿದ್ಯೆ ಅಲ್ಲ ಅಂತ ಅವನು ಕೂರಿಸಿ ಹೇಳ್ಕೊಟ್ಟ. 60 ಕೀ ಇದ್ರೆ 60 ತಂತಿ ಎಳೀಬೇಕಾಗಿಲ್ಲ. 5 ಅಡ್ಡ ಸಾಲು, 12 ಉದ್ದ ಸಾಲು ಮಾಡಿದ್ರೆ 17 ತಂತಿ ಸಾಕು, ಚಿಪ್ಪು ಒಂದೊಂದೇ ಸಾಲಿಗೆ ಕರೆಂಟ್ ಕೊಟ್ಟು ಎಲ್ಲಿ ಜೋಡಣೆ ಆಗಿದೆ ಅಂತ ನೋಡ್ತಾ ಹೋಗುತ್ತೆ, ಸೆಕೆಂಡಿಗೆ ನೂರಾರು ಸಲ. ಮೂರ್ನಾಲ್ಕು ಕೀ ಒಟ್ಟಿಗೆ ಒತ್ತಿದಾಗ ಒತ್ತದಿರೋ ಕೀ ಒತ್ತಿದಂಗೆ ಕಾಣಬಾರ್ದು ಅಂತ ಪ್ರತಿ ಸ್ವಿಚ್ಚಿಗೂ ಕರೆಂಟನ್ನ ಒಂದೇ ಕಡೆಗೆ ಬಿಡೋ ಒಂದು ಡಯೋಡ್. ಚಿಪ್ಪಿಗೆ ರಾಸ್ಪ್‌ಬೆರಿ ಪೈ ಪೀಕೊ, 2021ರಲ್ಲಿ 4 ಡಾಲರಿಗೆ ಬಂದಿದ್ದು. ಕಾರ್ನ್ ಅಂತ 42 ಕೀಯ ಎರಡು ತುಂಡಿನ ಕೀಬೋರ್ಡ್ ಇದೆ, ಅದರ ನಕ್ಷೆ ಪೂರ್ತಿ ಓಪನ್ ಸೋರ್ಸ್, ಯಾರು ಬೇಕಾದ್ರೂ ಮಾಡ್ಕೋಬೋದು. ಎರಡು ತುಂಡು ಆದ್ರೆ ಭುಜದ ಅಗಲಕ್ಕೆ ಸರಿಸಿ ಇಟ್ಕೋಬೋದು, ಮಣಿಕಟ್ಟು ಹೊರಗಡೆಗೆ ಸೊಟ್ಟ ಆಗಲ್ಲ, ನಡುವೆ ಟೈಪ್ ಮಾಡೋ ಹಾಳೆನೇ ಇಟ್ಕೋಬೋದು, ಡಿಟಿಪಿಯವರಿಗೆ ಇದಕ್ಕಿಂತ ಬೇಕಾ. ಇನ್‌ಸ್ಕ್ರಿಪ್ಟ್ ಬಳಸೋರಿಗಂತೂ ಎಡಗೈಲಿ ಸ್ವರ, ಬಲಗೈಲಿ ವ್ಯಂಜನ, ಮೊದಲೇ ಎರಡು ಭಾಗ ಆಗಿರುತ್ತೆ. ತುಮಕೂರಲ್ಲಿ ಇಷ್ಟೊಂದು ಇಂಜಿನಿಯರಿಂಗ್ ಕಾಲೇಜಿದೆ, ಪ್ರತಿ ವರ್ಷ ಪ್ರಾಜೆಕ್ಟ್ ಮಾಡ್ತಾರೆ. ಕನ್ನಡ ಟೈಪಿಸ್ಟಿಗೆ ಅಂತಲೇ ಹೆಬ್ಬೆರಳಿನ ಶಿಫ್ಟ್ ಇರೋ ಬೋರ್ಡೊಂದು ಮಾಡಿ ಕೋರ್ಟ್ ಪಕ್ಕದ ಟೈಪಿಂಗ್ ಅಂಗಡಿಗಳಿಗೆ ಕೊಟ್ಟು ನೋಡ್ಲಿ, ಎಲ್ಲಿ ಸರಿ ಇಲ್ಲ ಅಂತ ನಾವು ಹೇಳ್ತೀವಿ.

ದುಡ್ಡಿನ ಮಾತು ಬಂದೇ ಬರುತ್ತೆ. ಹೌದು, ಐನೂರಿನ ಜಾಗದಲ್ಲಿ ಮೂರು ನಾಲ್ಕು ಸಾವಿರ ಕೊಡ್ಬೇಕು, ಎರಡು ತುಂಡಿನದ್ದಾದ್ರೆ ಇನ್ನೂ ಜಾಸ್ತಿ. ದಿನಕ್ಕೆ ಅರ್ಧ ಗಂಟೆ ಟೈಪ್ ಮಾಡೋರಿಗೆ ಬೇಡ, ನಾನೇ ಬೇಡ ಅಂತೀನಿ. ಕೈಯೇ ಬಂಡವಾಳ ಆಗಿರೋರಿಗೆ ಅದು ಜಾಸ್ತಿ ಅಲ್ಲ. ಇನ್ನೊಂದು ಆಕ್ಷೇಪ ನಂಗೂ ಸರಿ ಅನ್ಸುತ್ತೆ, ಕನ್ನಡ ಜೂನಿಯರ್ ಸೀನಿಯರ್ ಟೈಪಿಂಗ್ ಪರೀಕ್ಷೆಗೆ ಕೂರೋ ಮಕ್ಕಳಿಗೆ ಪರೀಕ್ಷಾ ಕೇಂದ್ರದಲ್ಲಿ ಸಿಗೋದು ಮಾಮೂಲಿ ಕೀಬೋರ್ಡೇ, ಕಚೇರೀಲಿ ಒಂದೇ ಕಂಪ್ಯೂಟರಲ್ಲಿ ಮೂರು ಜನ ಕೂರ್ತಾರೆ. ಹಂಗಾಗಿ ಕಲಿಯೋರು ಮೊದಲು ಮಾಮೂಲಿದ್ರಲ್ಲೇ ಕಲೀಲಿ, ಪರೀಕ್ಷೆ ಮುಗೀಲಿ. ಕಚೇರೀಲಿ ಎರಡು ಕೀಬೋರ್ಡ್ ಒಂದೇ ಸಲ ಚುಚ್ಚಿದ್ರೂ ಎರಡೂ ಕೆಲ್ಸ ಮಾಡುತ್ತೆ, ನಿಮ್ಮದು ಬ್ಯಾಗಲ್ಲಿ ತಗೊಂಡು ಹೋಗಿ ತನ್ನಿ. ನಾನು ಎರಡರಲ್ಲೂ ಟೈಪ್ ಮಾಡ್ತೀನಿ, ಬೋರ್ಡ್ ಬೇರೆ ಅಂತ ಕೈಗೆ ತಾನಾಗೇ ತಿಳಿಯುತ್ತೆ.

ಇಷ್ಟು ಓದಿ ನೋಡೋಣ ಅನ್ಸಿದ್ರೆ ಮೊದಲು ಏನೂ ಕೊಳ್ಬೇಡಿ. ಮೈಕ್ರೋಸಾಫ್ಟಿನ ಪವರ್‌ಟಾಯ್ಸ್ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಅದರಲ್ಲಿ ಕೀಬೋರ್ಡ್ ಮ್ಯಾನೇಜರ್ ತೆಗೆದು ಎಡಗಡೆ ಆಲ್ಟನ್ನ ಶಿಫ್ಟ್ ಮಾಡಿ, ಎಡಗಡೆ ಶಿಫ್ಟನ್ನ ಆಲ್ಟ್ ಮಾಡಿ. ಬಲಗಡೆ ಆಲ್ಟ್ ಮುಟ್ಬೇಡಿ, ಇಂಡಿಯಾ ಇಂಗ್ಲಿಷ್ ಲೇಔಟಲ್ಲಿ ಅದರ ಜೊತೆ 4 ಒತ್ತಿದ್ರೆ ರೂಪಾಯಿ ಚಿಹ್ನೆ ಬರೋದು. ಎಡ ಹೆಬ್ಬೆರಳನ್ನ ಒಂಚೂರು ಒಳಗೆ ಮಡಚಬೇಕಾಗುತ್ತೆ, ಪೂರ್ತಿ ಹಿತ ಇರಲ್ಲ, ಆದ್ರೆ ಕಿರುಬೆರಳಿಗೆ ಬಿಡುವು ಸಿಕ್ಕಿದ್ರೆ ಕೈ ಹೇಗಿರುತ್ತೆ ಅಂತ ಅಂದಾಜು ಸಿಗುತ್ತೆ. ಹಿಡಿಸಿದ್ರೆ ಆಮೇಲೆ ಕೊಳ್ಳಿ, ಕೊಳ್ಳುವಾಗ ಲೈಟು ಬಣ್ಣ ನೋಡ್ಬೇಡಿ, ಮೂರೇ ಕೇಳಿ: ಹಾಟ್ ಸ್ವಾಪ್ ಇದ್ಯಾ, ವಯಾ ಅಥವಾ ಕ್ಯೂಎಂಕೆ ನಡೆಯುತ್ತಾ, ಹೆಬ್ಬೆರಳ ಹತ್ರ ಒಂದಕ್ಕಿಂತ ಜಾಸ್ತಿ ಕೀ ಇದ್ಯಾ. ಅಂಗಡಿಯವರಿಗೆ ಗೊತ್ತಿಲ್ಲ ಅಂದ್ರೆ ಬಾಕ್ಸ್ ಮೇಲೆ ಬರೆದಿರುತ್ತೆ, ಓದಿ ತಗೊಳಿ. ಜೊತೆಗೆ ಹತ್ತು ಸ್ವಿಚ್ ಹೆಚ್ಚಿಗೆ ತಂದಿಟ್ಕೊಳಿ, ಎಫ್ ಕೀಗೆ ಬೇಕಾಗುತ್ತೆ.